5 ಡಿಗ್ರಿ ನೀರಲ್ಲಿ ರೆಗ್ಯುಲೇಟರ್ ಕೈಕೊಡ್ತು, ಡ್ರೈಸೂಟ್ ಒಳಗೂ ನೀರು, ಗೊತ್ತಿದ್ದೋರು ಸ್ವಲ್ಪ ಹೇಳಿ

ತುಂಗಾತೀರದವ
ನಮಸ್ಕಾರ ಎಲ್ರಿಗೂ. ನಾನು ಶಿವಮೊಗ್ಗದವ, ಕೆಲ್ಸ ಇಂಗ್ಲೆಂಡಲ್ಲಿ, ಈಗ ರಜೆ ಹಾಕಿ ಮನೆಗೆ ಬಂದು ವಿನೋಬನಗರದಲ್ಲಿ ಅಮ್ಮ ಮಾಡಿದ ಕಡುಬು ತಿಂತಾ ಕೂತಿದೀನಿ. ಡೈವಿಂಗ್ ಕಲ್ತಿದ್ದು ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪದಲ್ಲಿ. ಅಲ್ಲಿ 3 ಮಿಲಿಮೀಟರ್ ವೆಟ್‌ಸೂಟು, ಅದೂ ಮೈ ತರಚಬಾರ್ದು ಅಂತ ಹಾಕಿದ್ದೇ ಹೊರ್ತು ಚಳಿಗಲ್ಲ. ಕಳೆದ ಫೆಬ್ರವರಿಲಿ ಇಂಗ್ಲೆಂಡಿನ ಕ್ಲಬ್ಬಿನೋರ ಜೊತೆ ನೀರು ತುಂಬಿದ ಒಂದು ಹಳೇ ಕಲ್ಲು ಕ್ವಾರಿಗೆ ಹೋಗಿದ್ವಿ, ನೀರು 5 ಡಿಗ್ರಿ. 12 ಮೀಟರ್ ಹತ್ರ ಇದ್ದಕ್ಕಿದ್ದಂಗೆ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯ ಒತ್ತಡ ಇಳಿಸಿ ಉಸಿರಾಡೋಕೆ ಕೊಡೋ ಸಾಧನ) ಭರ್ರ್ ಅಂತ ಗಾಳಿ ಬಿಡೋಕೆ ಶುರು, ನಿಲ್ಲೋದೇ ಇಲ್ಲ, ಕಣ್ಮುಂದೆ ಗುಳ್ಳೆ ಬಿಟ್ರೆ ಏನೂ ಕಾಣ್ತಿಲ್ಲ, ಜೊತೆಗಿದ್ದವ ಅವನ ಆಕ್ಟೋಪಸ್ (ಉಸಿರಾಡೋಕೆ ಇರೋ ಎರಡನೇ, ಸ್ಪೇರ್ ಬಾಯಿತುದಿ) ಕೊಟ್ಟ, ನಿಧಾನಕ್ಕೆ ಮೇಲೆ ಬಂದ್ವಿ, ಬರೋವಷ್ಟರಲ್ಲಿ ನನ್ನ ಸಿಲಿಂಡರಲ್ಲಿ ಉಳಿದಿದ್ದು 40 ಬಾರ್ (ಒತ್ತಡದ ಅಳತೆ) ಗಾಳಿ. ಆಮೇಲೆ ಮಜಾ ಅಂದ್ರೆ ಅದೇ ರೆಗ್ಯುಲೇಟರನ್ನ ಕಾರಿನ ಹೀಟರ್ ಹತ್ರ ಸ್ವಲ್ಪ ಹೊತ್ತು ಇಟ್ರೆ ಏನೂ ಆಗೇ ಇಲ್ಲ ಅನ್ನೋ ತರ ಸರಿಯಾಗಿ ಕೆಲ್ಸ ಮಾಡ್ತು. ಇದರ ಮೇಲೆ ಬಾಡಿಗೆ ಡ್ರೈಸೂಟಿನ (ಒಳಗೆ ನೀರು ಬರದಂಗೆ ಸೀಲ್ ಇರೋ ಸೂಟು) ಎಡಗೈ ಮೊಣಕೈವರೆಗೂ ಒದ್ದೆ. ಬರೋ ಚಳಿಗಾಲಕ್ಕೆ ಐಸ್‌ಲ್ಯಾಂಡಿನ ಸಿಲ್ಫ್ರಾ ಅನ್ನೋ ನೀರು ತುಂಬಿದ ಬಿರುಕಿಗೆ ಹೋಗೋದು ಅಂತಾಗಿದೆ, ಅಲ್ಲಿ ವರ್ಷಪೂರ್ತಿ 2ರಿಂದ 4 ಡಿಗ್ರಿ. ಒಳ್ಳೇ ರೆಗ್ಯುಲೇಟರ್ ತಗೊಂಡ್ಬಿಟ್ರೆ ಈ ತಲೆನೋವು ಮುಗೀತದಾ, ಇಲ್ಲ ಇನ್ನೂ ಏನಾದ್ರೂ ಇದ್ಯಾ? ದುಡ್ಡು ಹಾಕೋ ಮುಂಚೆ ಕೇಳಣ ಅಂತ.

ನೇತ್ರಾಣಿ_ಮೀನು
ನಮ್ಮ ಕಡೆ ಸಮುದ್ರ 27–28 ಡಿಗ್ರಿ ಇರುತ್ತೆ, ಹಾಗಾಗಿ ಇಲ್ಲಿ ಗೈಡ್ ಮಾಡೋ ನಮಗೆ ಫ್ರೀಫ್ಲೋ (ಗಾಳಿ ನಿಲ್ಲದೆ ತಾನಾಗೇ ಹರಿಯೋದು) ಅಂದ್ರೆ ದೋಣಿಯಿಂದ ಹಾರಿದಾಗ ಆಕ್ಟೋಪಸ್ ಬುಸುಗುಡೋದು ಅಷ್ಟೇ. ಅದರ ಬಾಯಿ ಕೆಳಮುಖ ತಿರುಗಿಸಿದ್ರೆ ನಿಲ್ಲುತ್ತೆ. ನಿಮ್ಮದು ಬೇರೆ ಕೇಸು. ಒಂದು ಪ್ರಶ್ನೆ, ಬಾಡಿಗೆ ರೆಗ್ಯುಲೇಟರ್ ಫಸ್ಟ್ ಸ್ಟೇಜ್ (ಸಿಲಿಂಡರಿಗೆ ಕೂರಿಸೋ ಭಾಗ) ಮೇಲೆ ಏನು ಕೆತ್ತಿತ್ತು ನೋಡಿದ್ರಾ? ಯುರೋಪಿನ ಇಎನ್ 250 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ 10 ಡಿಗ್ರಿಗಿಂತ ತಣ್ಣಗಿರೋ ನೀರಿಗೆ ಕೊಡೋ ರೆಗ್ಯುಲೇಟರನ್ನ 4 ಡಿಗ್ರಿಲಿ ಟೆಸ್ಟ್ ಮಾಡಿರ್ಬೇಕು. ಆ ಟೆಸ್ಟ್ ಪಾಸಾಗದೆ ಇರೋದ್ರ ಮೇಲೆ 10 ಡಿಗ್ರಿಗಿಂತ ಜಾಸ್ತಿ ಅಂತ ಗುರುತು ಇರುತ್ತೆ.

ತುಂಗಾತೀರದವ
ಫೋನಲ್ಲಿ ಅವತ್ತಿನ ಫೋಟೋ ಇತ್ತು, ಈಗ ಝೂಮ್ ಮಾಡಿ ನೋಡ್ದೆ. ಇದೆ ಮಾರಾಯ್ರೆ! 10 ಡಿಗ್ರಿ ಗುರುತು ಸ್ಪಷ್ಟವಾಗಿ ಇದೆ. ಬಾಡಿಗೆ ಕೊಟ್ಟ ಅಂಗಡಿಯವ್ನಿಗೆ ನಾವು ಯಾವ ಕ್ವಾರಿಗೆ, ಯಾವ ತಿಂಗಳಲ್ಲಿ ಹೋಗ್ತಿದೀವಿ ಅನ್ನೋದು ಗೊತ್ತಿತ್ತು, ಆದ್ರೂ ಇದನ್ನೇ ಕೈಗಿಟ್ಟ.

ಘಟ್ಟದ_ಮೇಲಿನವ
ನಾನು ನಾರ್ವೆಲಿ ವರ್ಷಗಟ್ಲೆ ಇದ್ದು ಈಗ ತೀರ್ಥಹಳ್ಳಿ ಹತ್ರ ತೋಟ ನೋಡ್ಕಂಡಿದೀನಿ, ಅಲ್ಲಿ ಚಳಿಗಾಲದಲ್ಲೇ ಜಾಸ್ತಿ ಡೈವ್ ಮಾಡ್ತಿದ್ದಿದ್ದು, ಯಾಕಂದ್ರೆ ಆವಾಗ ನೀರು ತಿಳಿ ಇರುತ್ತೆ. ಅದ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕಬೇಡಿ.

ಹೊರಗಿನ ನೀರು ತಣ್ಣಗಿದೆ ಅನ್ನೋ ಒಂದೇ ಕಾರಣಕ್ಕೆ ರೆಗ್ಯುಲೇಟರ್ ಹೆಪ್ಪುಗಟ್ಟಲ್ಲ. ಸಿಲಿಂಡರಲ್ಲಿ 200 ಬಾರ್ ಮೇಲಿರೋ ಗಾಳಿ ಫಸ್ಟ್ ಸ್ಟೇಜಲ್ಲಿ ಒಂದೇ ಏಟಿಗೆ ಸುತ್ತಲಿನ ಒತ್ತಡಕ್ಕಿಂತ ಸುಮಾರು 10 ಬಾರ್ ಜಾಸ್ತಿ ಅನ್ನೋ ಮಟ್ಟಕ್ಕೆ ಇಳಿಯುತ್ತೆ, ಆ ಇಳಿತದಲ್ಲಿ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗೆ ತಣ್ಣಗಾಗುತ್ತೆ. ನೇತ್ರಾಣಿಲೂ ಇದೇ ಆಗೋದು, ಆದ್ರೆ ಅಲ್ಲಿ ಸುತ್ತ ಇರೋ 28 ಡಿಗ್ರಿ ನೀರು ಆ ಲೋಹಕ್ಕೆ ಶಾಖ ಕೊಡ್ತಾನೇ ಇರುತ್ತೆ. 4 ಡಿಗ್ರಿ ನೀರಿನ ಹತ್ರ ಕೊಡೋಕೆ ಶಾಖನೇ ಇಲ್ವಲ್ಲ. ಸ್ಪ್ರಿಂಗ್ ಇರೋ ಜಾಗದಲ್ಲಿ ನೀರು ಇದ್ರೆ ಅದು ಮಂಜುಗಡ್ಡೆಯಾಗಿ ವಾಲ್ವ್ ತೆರೆದೇ ನಿಂತ್ಬಿಡುತ್ತೆ, ಒಳಗಿನ ಒತ್ತಡ ಏರುತ್ತೆ, ಸೆಕೆಂಡ್ ಸ್ಟೇಜ್ (ಬಾಯಲ್ಲಿ ಕಚ್ಚೋ ಭಾಗ) ತಡ್ಕಳಕ್ಕಾಗದೆ ಗಾಳಿ ಬಿಡುತ್ತೆ, ಗಾಳಿ ಜಾಸ್ತಿ ಹರಿದಷ್ಟೂ ಇನ್ನೂ ತಣ್ಣಗಾಗುತ್ತೆ, ಇನ್ನೂ ಹೆಪ್ಪುಗಟ್ಟುತ್ತೆ. ತಾನಾಗೇ ನಿಲ್ಲಲ್ಲ ಅನ್ನೋದು ಅದ್ಕೇ. ಇನ್ನೊಂದು ದಾರಿ ಇದೆ, ನಾವು ಬಿಡೋ ಉಸಿರಲ್ಲಿರೋ ತೇವ ಸೆಕೆಂಡ್ ಸ್ಟೇಜಿನ ಒಳಗೆ ಲಿವರ್ ಮೇಲೆ ಹೆಪ್ಪುಗಟ್ಟೋದು. ಸಿಹಿನೀರು ಸೊನ್ನೆಗೇ ಗಟ್ಟಿಯಾಗುತ್ತೆ, ಸಮುದ್ರದ ನೀರು ಮೈನಸ್ 2ರ ಹತ್ರ ಹೋಗ್ಬೇಕು, ಹಾಗಾಗಿ ನಿಮ್ಮ ಕ್ವಾರಿ, ಸಿಲ್ಫ್ರಾ ಎರಡೂ ಈ ಲೆಕ್ಕದಲ್ಲಿ ಸಮುದ್ರಕ್ಕಿಂತ ಕೆಟ್ಟವು.

ಅಂದ್ರೆ ಒಂದೇ ಸಲಕ್ಕೆ ಎಷ್ಟು ಗಾಳಿ ಹರಿಯುತ್ತೆ ಅನ್ನೋದ್ರ ಮೇಲೆ ಆಟ ನಿಂತಿರೋದು. ಉಸಿರು ಎಳೀತಾ ಇರೋವಾಗ್ಲೇ ಬಿಸಿಡಿ (ತೇಲೋಕೆ ಗಾಳಿ ತುಂಬೋ ಜಾಕೆಟ್) ಬಟನ್ ಒತ್ತೋದು, ಅದರ ಜೊತೆಗೇ ಡ್ರೈಸೂಟಿಗೂ ಗಾಳಿ ಬಿಡೋದು, ಇದು ಫ್ರೀಫ್ಲೋಗೆ ಕರೆದು ಮಣೆ ಹಾಕಿದಂಗೆ. ಗಾಳಿ ಬೇಕಾದ್ರೆ ಚೂರು ಚೂರೇ ಒತ್ತಿ, ಉಸಿರು ಬಿಡೋವಾಗ ಒತ್ತಿ. ಒತ್ತಿದ್ರೆ ಗಾಳಿ ಒಮ್ಮೆಗೇ ನುಗ್ಗೋ ಪರ್ಜ್ ಬಟನ್ ಮುಟ್ಲೇಬೇಡಿ. ಸಿಲಿಂಡರ್ ಫುಲ್ ಇದ್ದಾಗ ಒತ್ತಡದ ಇಳಿತ ಜಾಸ್ತಿ, ಹಾಗಾಗಿ ಮೊದಲ ಕೆಲವು ನಿಮಿಷನೇ ಡೇಂಜರು, ಆವಾಗ ದಬದಬ ಅಂತ ಕೆಳಗಿಳಿಯೋದು ಬೇಡ. ಐಸ್‌ಲ್ಯಾಂಡಲ್ಲಿ ಇನ್ನೊಂದು ಕಷ್ಟ ಏನಂದ್ರೆ ಚಳಿಗಾಲದಲ್ಲಿ ಹೊರಗಿನ ಗಾಳಿ ನೀರಿಗಿಂತ ತಣ್ಣಗಿರುತ್ತೆ, ದಡದಲ್ಲಿ ನಿಂತು ರೆಗ್ಯುಲೇಟರಲ್ಲಿ ಉಸಿರಾಡಿ ಟೆಸ್ಟ್ ಮಾಡೋ ಅಭ್ಯಾಸ ನಮಗೆ ಇಲ್ಲಿ ಹೇಳ್ಕೊಟ್ಟಿರ್ತಾರಲ್ಲ, ಅಲ್ಲಿ ಆ ಒದ್ದೆ ಉಸಿರೇ ಒಳಗೆ ಐಸ್ ಆಗೋದು. ಟೆಸ್ಟ್ ಮಾಡಿದ್ರೆ ವ್ಯಾನ್ ಒಳಗೆ ಮಾಡಿ, ಹೊರಗಾದ್ರೆ ಉಸಿರು ಒಳಗೆ ಎಳ್ಕಂಡು ಬಾಯಿಂದ ತೆಗೆದು ಆಚೆ ಬಿಡಿ.

ಇನ್ನು ಹೊಸ ರೆಗ್ಯುಲೇಟರ್ ವಿಚಾರ. ತಗೊಳ್ಳಿ, ಬೇಡ ಅನ್ನಲ್ಲ. ಸ್ಪ್ರಿಂಗ್ ಜಾಗಕ್ಕೆ ನೀರೇ ಹೋಗದಂಗೆ ಸೀಲ್ ಮಾಡಿರೋ ಡಯಾಫ್ರಾಮ್ ಟೈಪು, ಸೆಕೆಂಡ್ ಸ್ಟೇಜಲ್ಲಿ ಪ್ಲಾಸ್ಟಿಕ್ಕಿಗಿಂತ ಲೋಹ ಜಾಸ್ತಿ ಇರೋದು ನೋಡಿ, ಲೋಹ ನೀರಿಂದ ಶಾಖ ಬೇಗ ಎಳ್ಕಳುತ್ತೆ. ಆದ್ರೆ ಅದನ್ನ ಹಾಕ್ಕಂಡೂ ಗಾಬರಿಯಾಗಿ ಏದುಸಿರು ಬಿಟ್ರೆ ಅದೂ ಹೆಪ್ಪುಗಟ್ಟುತ್ತೆ, ನಾರ್ವೆಲಿ ಕಣ್ಣಾರೆ ನೋಡಿದೀನಿ, ಭಾರೀ ರೇಟಿಂದು. ನನ್ನ ಕೇಳಿದ್ರೆ ಒಂದು ದುಬಾರಿ ಫಸ್ಟ್ ಸ್ಟೇಜಿಗಿಂತ ಎರಡು ಸಾಧಾರಣ ಫಸ್ಟ್ ಸ್ಟೇಜು ಮೇಲು, ತಣ್ಣೀರಿನ ಟೆಸ್ಟ್ ಪಾಸಾಗಿರೋವು. ಎರಡು ಬಾಯಿ ಇರೋ ವಾಲ್ವ್ ಸಿಲಿಂಡರ್ ಸಿಗುತ್ತೆ, ಒಂದಕ್ಕೆ ಮುಖ್ಯ ರೆಗ್ಯುಲೇಟರ್ ಮತ್ತೆ ಬಿಸಿಡಿ ಹೋಸು, ಇನ್ನೊಂದಕ್ಕೆ ಆಕ್ಟೋಪಸ್ ಮತ್ತೆ ಡ್ರೈಸೂಟ್ ಹೋಸು. ಒಂದು ಹೋದ್ರೆ ಅದರ ನಾಬ್ ಬಂದ್ ಮಾಡಿ ಇನ್ನೊಂದ್ರಲ್ಲಿ ಉಸಿರಾಡ್ತಾ ಮೇಲೆ ಬರ್ಬೋದು.

ಅಡಿಕೆ_ಚೇಣಿ
ನನಗೆ ಈಜೇ ಬರಲ್ಲ, ಆದ್ರೂ ಓದಿ ಖುಷಿಯಾತು. ಇದು ಮದುವೆಮನೆಲಿ ಅಡುಗೆ ಭಟ್ಟರು ದೊಡ್ಡ ಒಲೆ ಪೂರ್ತಿ ಹಚ್ಚಿದಾಗ ಗ್ಯಾಸ್ ಸಿಲಿಂಡರ್ ಹೊರಗೆ ಬಿಳೀ ಐಸ್ ಕಟ್ಟುತ್ತಲ್ಲ, ಅದೇ ತಾನೇ? ಬಿಸಿನೀರು ಹೊಯ್ತಾರೆ ಅದಕ್ಕೆ.

ರಿಟೈರ್ಡ್_ಮೇಷ್ಟ್ರು
ನೋಡೋಕೆ ಒಂದೇ, ಒಳಗೆ ಬೇರೆ. ಅಡುಗೆ ಸಿಲಿಂಡರಲ್ಲಿ ಇರೋದು ದ್ರವ. ಅದು ಕುದ್ದು ಅನಿಲವಾಗೋಕೆ ಸುಪ್ತೋಷ್ಣ ಬೇಕು, ಅದನ್ನ ಸಿಲಿಂಡರಿನ ಮೈಯಿಂದ್ಲೇ ತಗೊಳ್ಳುತ್ತೆ, ಅದ್ಕೆ ಸಿಲಿಂಡರೇ ತಣ್ಣಗಾಗೋದು. ಡೈವಿಂಗ್ ಸಿಲಿಂಡರಲ್ಲಿ ಇರೋದು ಮೊದಲಿಂದ್ಲೂ ಅನಿಲವೇ, ದ್ರವ ಇಲ್ಲ. ಅಲ್ಲಿ ಆಗೋದು ಜೌಲ್ ಮತ್ತು ಥಾಮ್ಸನ್ 1852ರಲ್ಲಿ ಪ್ರಯೋಗ ಮಾಡಿ ತೋರಿಸಿದ ಪರಿಣಾಮ. ಕಿರಿದಾದ ದಾರಿಲಿ ಒತ್ತಡ ಇಳಿದಾಗ ಗಾಳಿ ಪ್ರತಿ ಬಾರಿಗೆ ಹೆಚ್ಚುಕಮ್ಮಿ ಕಾಲು ಡಿಗ್ರಿ ತಣ್ಣಗಾಗುತ್ತೆ, ಒತ್ತಡ ತೀರಾ ಜಾಸ್ತಿ ಇದ್ದಾಗ ಅಷ್ಟಿಲ್ಲ. ಆದ್ರೂ 200 ಬಾರ್ ಇಳಿತಕ್ಕೆ 30 ಡಿಗ್ರಿ ಮೇಲೇ ಆತಲ್ಲ. 4ರಿಂದ 30 ಕಳೀರಿ, ಎಲ್ಲಿಗೆ ಬಂತು ನೀವೇ ನೋಡಿ. ಬಿಸಿನೀರು ಹೊಯ್ಯೋ ಉಪಾಯ ಮಾತ್ರ ಎರಡಕ್ಕೂ ನಡೆಯುತ್ತೆ.

ಅಡಿಕೆ_ಚೇಣಿ
ಮೇಷ್ಟ್ರೇ, ನಲವತ್ತು ವರ್ಷ ಹಿಂದೆ ಹಿಂಗೆ ಹೇಳಿಕೊಡೋರು ಸಿಕ್ಕಿದ್ರೆ ನಾನೂ ಪಿಯುಸಿ ಪಾಸಾಗ್ತಿದ್ದೆ 😄

ತುಂಗಾತೀರದವ
ಘಟ್ಟದ ಮೇಲಿನ ಅಣ್ಣಂಗೆ ದೊಡ್ಡ ನಮಸ್ಕಾರ. ಒಂದೇ ಡೌಟು, ನಂದು ಒಂದೇ ಫಸ್ಟ್ ಸ್ಟೇಜ್ ಇದ್ದು ಕೆಳಗಡೆ ಅದೇ ತರ ಭರ್ರ್ ಅಂದ್ರೆ ಆ ಹೊತ್ತಲ್ಲಿ ಎಂತ ಮಾಡೋದು?

ಘಟ್ಟದ_ಮೇಲಿನವ
ಓಪನ್ ವಾಟರ್ ಕೋರ್ಸಲ್ಲೇ ಮಾಡಿಸಿರ್ತಾರೆ, ನೆನಪು ಮಾಡ್ಕಳಿ. ಬಾಯಿ ಪೂರ್ತಿ ಮುಚ್ಚದೆ ಒಂದು ಬದಿ ಸಡಿಲ ಬಿಟ್ಟು, ಜಾಸ್ತಿ ಗಾಳಿ ಆಚೆ ಹೋಗೋಕೆ ಬಿಟ್ಟು, ಬೇಕಾದಷ್ಟೇ ಹೀರ್ತಾ ತಕ್ಷಣ ಮೇಲಕ್ಕೆ ಹೊರಡೋದು. ಗೇಜ್ ನೋಡ್ತಾ ಕೂರ್ಬೇಡಿ, ಫುಲ್ ಸಿಲಿಂಡರ್ ಕೂಡ ಕೆಲವೇ ನಿಮಿಷದಲ್ಲಿ ಖಾಲಿ, ಆಳ ಜಾಸ್ತಿ ಇದ್ದಷ್ಟೂ ಬೇಗ. ಜೊತೆಗಿರೋರ ಆಕ್ಟೋಪಸ್ ತಗೊಳ್ಳೋದೇನೋ ಸರಿ, ಆದ್ರೆ ಬಹಳ ಜನ ಯೋಚ್ನೆ ಮಾಡದ ಒಂದು ವಿಷ್ಯ ಇದೆ. ಅವರದ್ದೂ ಒಂದೇ ಫಸ್ಟ್ ಸ್ಟೇಜಾಗಿದ್ರೆ ಈಗ ಇಬ್ಬರು ಅದರಿಂದ ಗಾಳಿ ಎಳೀತಿದೀರಿ, ಇಬ್ಬರಿಗೂ ಗಾಬರಿ ಬೇರೆ, ಹರಿವು ಡಬಲ್ಲಿಗಿಂತ ಜಾಸ್ತಿ, ಅದೂ ಹೆಪ್ಪುಗಟ್ಟೋ ಚಾನ್ಸ್ ಚೆನ್ನಾಗೇ ಇದೆ. ನಿಮ್ಮ ಕ್ವಾರಿಲಿ ಅದು ಆಗದೆ ಇದ್ದಿದ್ದು ಪುಣ್ಯ. ಅದ್ಕೇ ಎರಡು ಫಸ್ಟ್ ಸ್ಟೇಜ್ ಅಂತ ಬಡ್ಕಂಡಿದ್ದು.

ಕೊಪ್ಪದ_ಅಕ್ಕ
ಡ್ರೈಸೂಟ್ ವಿಚಾರ ಯಾರೂ ಎತ್ತಲಿಲ್ವಲ್ಲ! ನಾನು ಕೆನಡಾದಲ್ಲಿ ಓದೋವಾಗ ಡೈವ್ ಮಾಡ್ತಿದ್ದೆ, ಬಾಡಿಗೆ ಸೂಟ್ ಎಲ್ಲಾ ಆರಡಿ ಗಂಡಸರ ಅಳತೆದು, ನನಗೆ ಅದರಲ್ಲಿ ಇಬ್ಬರು ಹಿಡಿಸಬೋದಿತ್ತು. ತಮ್ಮಾ, ಎಡಗೈ ಒಂದೇ ಒದ್ದೆ ಅಂದ್ಯಲ್ಲ, ಸೂಟ್ ಹರಿದಿದೆ ಅಂತ ಅಂದ್ಕೊಳ್ಳೋ ಮುಂಚೆ ಒಳಗೆ ಹಾಕಿದ ಬೆಚ್ಚನೆ ಬಟ್ಟೆಯ ತೋಳು ಎಲ್ಲಿವರೆಗೆ ಇತ್ತು ನೆನಪು ಮಾಡ್ಕೋ. ಆ ತೋಳಿನ ಅಂಚು ಮಣಿಕಟ್ಟಿನ ರಬ್ಬರ್ ಸೀಲ್ ಕೆಳಗೆ ಒಂದು ಚೂರು ಸಿಕ್ಕಿದ್ರೂ ಸಾಕು, ಬಟ್ಟೆ ನೀರು ಹೀರ್ಕೊಂಡು ಮೊಣಕೈವರೆಗೂ ತಗೊಂಡು ಹೋಗುತ್ತೆ. ಅದಲ್ಲದೆ ಮುಷ್ಟಿ ಬಿಗಿ ಹಿಡಿದಾಗ ಮಣಿಕಟ್ಟಿನ ನರ ಎದ್ದು ನಿಲ್ಲುತ್ತಲ್ಲ, ಅದರ ಪಕ್ಕದ ತಗ್ಗಲ್ಲಿ ನೀರು ನುಗ್ಗುತ್ತೆ. ಟಾರ್ಚ್ ಯಾವ ಕೈಲಿ ಹಿಡಿದಿದ್ದೆ?

ತುಂಗಾತೀರದವ
ಎಡಗೈಲೇ ಅಕ್ಕಾ 😳

ಕೊಪ್ಪದ_ಅಕ್ಕ
ಹಾಂ, ಅಲ್ಲಿಗೆ ಸರಿಹೋತು. ಸೀಲನ್ನ ಮಣಿಕಟ್ಟಿನ ಗಂಟಿಗಿಂತ ಸ್ವಲ್ಪ ಮೇಲಕ್ಕೆ, ಮೊಣಕೈ ಕಡೆಗೆ ಕೂರಿಸು, ಟಾರ್ಚ್ ಕೈಗೆ ಪಟ್ಟಿ ಕಟ್ಟೋ ಟೈಪ್ ತಗೋ. ಆದ್ರೂ ಸಂಶಯ ಇದ್ರೆ ಟೆಸ್ಟ್ ಸುಲಭ ಇದೆ. ಎರಡೂ ತೋಳಿಗೆ ಬಾಟ್ಲಿ, ಕುತ್ತಿಗೆಗೆ ಒಂದು ಬಾಲ್ ಸಿಗಿಸಿ ರಬ್ಬರ್ ಬ್ಯಾಂಡ್ ಬಿಗಿದು, ಜಿಪ್ ಹಾಕಿ, ಡಂಪ್ ವಾಲ್ವ್ (ಸೂಟಿನ ಗಾಳಿ ಹೊರಗೆ ಬಿಡೋದು) ಪೂರ್ತಿ ಬಿಗಿ ಮಾಡಿ, ಇನ್ಫ್ಲೇಟರಿಂದ ಗಾಳಿ ತುಂಬಿಸಿ ಸೋಪ್ ನೀರು ಬಳಿ, ಗುಳ್ಳೆ ಬಂದಲ್ಲಿ ತೂತು. ಇನ್ನೊಂದು, ಮೈಯೆಲ್ಲಾ ಸಮನಾಗಿ ತೇವ ಇದ್ರೆ ಅದು ಲೀಕ್ ಅಲ್ಲ, ದಡದಲ್ಲಿ ಸೂಟ್ ಹಾಕ್ಕಂಡು ಓಡಾಡಿದ ಬೆವರು. ಆ ಬೆವರೇ ಆಮೇಲೆ ನೀರೊಳಗೆ ಚಳಿ ಹತ್ತಿಸೋದು. ಹತ್ತಿ ಬನಿಯನ್ ಮಾತ್ರ ಬೇಡವೇ ಬೇಡ, ಒದ್ದೆಯಾದ್ರೆ ಬೆಚ್ಚಗಿಡಲ್ಲ.

ಮತ್ತೆ ಡ್ರೈಸೂಟ್ ಇನ್ಫ್ಲೇಟರ್ ಬಟನ್ನೂ ಹೆಪ್ಪುಗಟ್ಟಿ ಒಳಗೇ ಕಚ್ಕೊಂಡು ಗಾಳಿ ತುಂಬ್ತಾನೇ ಹೋಗ್ಬೋದು. ಆವಾಗ ಹೋಸ್ ಎಳೆದು ಕಳಚಿ, ಎಡ ತೋಳು ಎತ್ತಿ ಡಂಪ್ ವಾಲ್ವಿಂದ ಗಾಳಿ ಬಿಡ್ಬೇಕು. ದಪ್ಪ ಗ್ಲೌಸ್ ಹಾಕ್ಕಂಡು ಆ ಹೋಸ್ ಕಳಚೋದು ಮನೇಲಿ ಸೋಫಾ ಮೇಲೆ ಕೂತು ಮಾಡಿ ನೋಡು, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಕೈ ಬೆರಳು ಮರಗಟ್ಟಿದ ಮೇಲಂತೂ ಕೇಳ್ಲೇಬೇಡ.

ಪಂಪ್_ರಿಪೇರಿ_ಸಾಗರ
ನಾನು ಔಷಧಿ ಹೊಡೆಯೋ ಪಂಪ್, ಬೋರ್ ಮೋಟ್ರು ರಿಪೇರಿ ಮಾಡೋನು, ಈ ಡೈವಿಂಗ್ ನೋಡಿದ್ದು ಟಿವಿಲಿ. ಆದ್ರೆ ಓ-ರಿಂಗ್ (ಸೋರದಂಗೆ ಹಾಕೋ ರಬ್ಬರ್ ಉಂಗುರ) ನನ್ನ ಏರಿಯಾ. ಇವಕ್ಕೆ ಗ್ರೀಸ್ ಯಾವುದು ಹಾಕ್ತೀರಿ? ಗಾಡಿ ಗ್ರೀಸ್, ವ್ಯಾಸಲೀನ್ ಹಾಕಿ ನ್ಯಾಚುರಲ್ ರಬ್ಬರ್ ಅಂಟಂಟಾಗಿ ಹಾಳಾಗಿದ್ದು ದಂಡಿಯಾಗಿ ನೋಡಿದೀನಿ.

ನೇತ್ರಾಣಿ_ಮೀನು
ಸರಿಯಾಗಿ ಹೇಳಿದ್ರಿ. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಮಿಂಚೋವಷ್ಟು ಸಾಕು. ಡ್ರೈಸೂಟಿನ ಲೇಟೆಕ್ಸ್ ಸೀಲಿಗೆ ಗ್ರೀಸೂ ಬೇಡ, ವಾಸನೆ ಇಲ್ದಿರೋ ಟಾಲ್ಕ್ ಪೌಡರ್ ಹಾಕಿ ಎಳೀಬೇಕು, ಹಿತ್ತಾಳೆ ಜಿಪ್ಪಿಗೆ ಮೇಣ. ನೂರು ರೂಪಾಯಿ ಬೆಲೆ ಬಾಳದ ಓ-ರಿಂಗ್ ಇಲ್ದೆ ಅಷ್ಟು ದೂರ ಹೋಗಿ ಡೈವ್ ಕ್ಯಾನ್ಸಲ್ ಆಗೋದಿದೆ, ಒಂದು ಸಣ್ಣ ಡಬ್ಬಿಲಿ ಓ-ರಿಂಗು, ಮೌತ್‌ಪೀಸು, ಕೇಬಲ್ ಟೈ, ಮಾಸ್ಕ್ ಪಟ್ಟಿ, ಫಿನ್ ಪಟ್ಟಿ ಇಟ್ಕಳಿ. ಚಳಿಗೆ ಹಳೇ ಓ-ರಿಂಗ್ ಗಡುಸಾಗಿ ಸಿಲಿಂಡರ್ ಬಾಯಲ್ಲಿ ಸುಯ್ ಅನ್ನುತ್ತೆ. ಯುರೋಪಲ್ಲಿ ಬಹಳ ಕಡೆ ಡಿನ್ ಅಂತ ತಿರುಪು ಹಾಕಿ ಬಿಗಿಯೋ ಟೈಪು, ನಮ್ಮ ಕಡೆ ಕ್ಲ್ಯಾಂಪ್ ಜಾಸ್ತಿ, ಡಿನ್ ತಗೊಂಡ್ರೆ ಇಲ್ಲಿಗೆ ಬಂದಾಗ ಅಡಾಪ್ಟರ್ ಹಾಕ್ಕೋಬೋದು.

ಹೊಳೆಬಾಗಿಲು
ಮಧ್ಯೆ ಬಾಯಿ ಹಾಕ್ತಿದೀನಿ. ಇದಕ್ಕೆಲ್ಲಾ ಐಸ್‌ಲ್ಯಾಂಡ್ ಯಾಕೆ, ನಮ್ಮ ಲಿಂಗನಮಕ್ಕಿ ಹಿನ್ನೀರಲ್ಲಿ ಡಿಸೆಂಬರ್ ಬೆಳಿಗ್ಗೆ ಇಳಿದ್ರೆ ಪ್ರಾಕ್ಟೀಸ್ ಆಗಲ್ವಾ? ಕೆಳಗೆ ಮುಳುಗಿದ ಊರುಗಳೂ ಇದಾವೆ, ಹಿರೇಭಾಸ್ಕರ ಡ್ಯಾಮೂ ಇದೆ.

ನೇತ್ರಾಣಿ_ಮೀನು
ದಯವಿಟ್ಟು ಬೇಡ. ಅನುಮತಿ ಇಲ್ದೆ ಇಳಿಯಂಗಿಲ್ಲ ಅನ್ನೋದು ಒಂದು. 1964ರಲ್ಲಿ ಡ್ಯಾಮ್ ಆದಾಗ ಮುಳುಗಿದ ಕಾಡಿನ ಬೊಡ್ಡೆ ಇನ್ನೂ ಒಳಗಿದಾವೆ, ಮೀನುಬಲೆ ಬೇರೆ, ಏನೂ ಕಾಣಲ್ಲ, ಸಿಕ್ಕಿಹಾಕ್ಕಂಡ್ರೆ ಮುಗೀತು. ಹಿರೇಭಾಸ್ಕರ ಬೇಸಿಗೆಲಿ ನೀರು ಇಳಿದಾಗ ಮೇಲಿಂದ್ಲೇ ಕಾಣುತ್ತಲ್ಲ, ಸಾಕು. ಇನ್ನೊಂದು ಏನಂದ್ರೆ ಲಿಂಗನಮಕ್ಕಿ ಭರ್ತಿ ಮಟ್ಟ 1819 ಅಡಿ, ಅಂದ್ರೆ 550 ಮೀಟರ್ ಮೇಲೆ, ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ದಾಟಿದ್ರೆ ಅದು ಆಲ್ಟಿಟ್ಯೂಡ್ ಡೈವ್, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರ್ಬೋದು ಅನ್ನೋ ಟೇಬಲ್ಲೇ ಬದಲಾಗುತ್ತೆ. ಇದೇ ಮಾತು ನೇತ್ರಾಣಿಗೆ ಬರೋ ಶಿವಮೊಗ್ಗ, ಸಾಗರದೋರಿಗೂ ಹೇಳ್ತಿರ್ತೀನಿ, ಮಧ್ಯಾಹ್ನ ಡೈವ್ ಮುಗ್ಸಿ ಒದ್ದೆ ತಲೇಲೇ ಕಾರು ಹತ್ತಿ ಕೋಗಾರ್ ಘಾಟಿ ಏರ್ಬೇಡಿ, ರಾತ್ರಿ ಮುರುಡೇಶ್ವರದಲ್ಲೇ ಉಳ್ಕಂಡು ಮೀನೂಟ ಮಾಡಿ ಬೆಳಿಗ್ಗೆ ಹೋಗಿ ಅಂತ. ಸಮುದ್ರಮಟ್ಟದಲ್ಲಿ ಮೈಗೆ ಸೇರಿದ ನೈಟ್ರೋಜನ್ ಹೊರಗೆ ಹೋಗೋಕೆ ಟೈಮ್ ಬೇಕು. ಯಾರೂ ಕೇಳಲ್ಲ, ಸೋಮವಾರ ಆಫೀಸ್ ಅಂತಾರೆ.

ಘಟ್ಟದ_ಮೇಲಿನವ
ಪ್ರಾಕ್ಟೀಸಿಗೆ ಊರಿನ ಈಜುಕೊಳ ಸಾಕು. ದಪ್ಪ ಗ್ಲೌಸ್ ಹಾಕ್ಕಂಡು, ಕಣ್ಮುಚ್ಚಿ, ಹೋಸ್ ಕಳಚೋದು, ಹಾಕೋದು, ವಾಲ್ವ್ ನಾಬ್ ಮುಟ್ಟೋದು. ಜನ ನೋಡಿ ನಗ್ತಾರೆ, ನಗ್ಲಿ ಬಿಡಿ.

ತುಂಗಾತೀರದವ
(ಚಳಿಗಾಲ ಕಳೆದ ಮೇಲೆ ಬರೀತಿದೀನಿ, ಕೇಳಿದೋರಿಗೆಲ್ಲ ಥ್ಯಾಂಕ್ಸ್) ಸಿಲ್ಫ್ರಾ ಆತು! ಉತ್ತರ ಅಮೆರಿಕ ಮತ್ತೆ ಯುರೇಷಿಯಾ ಭೂಫಲಕಗಳು ದೂರ ಸರಿಯೋ ಜಾಗದಲ್ಲಿ ಆಗಿರೋ ಬಿರುಕು, ಹಿಮನದಿ ಕರಗಿದ ನೀರು ಲಾವಾ ಕಲ್ಲಿನೊಳಗೆ ದಶಕಗಟ್ಲೆ ಜಿನುಗಿ ಬರೋದ್ರಿಂದ ನೂರು ಮೀಟರ್ ಆಚೆಗೂ ಕಾಣುತ್ತೆ, ಜೋಗದ ಮಳೆಗಾಲದ ನೀರು ನೋಡಿ ಬೆಳೆದೋನಿಗೆ ನೀರು ಇಷ್ಟು ತಿಳಿ ಇರ್ಬೋದು ಅಂತ ನಂಬೋಕೇ ಆಗ್ಲಿಲ್ಲ. 18 ಮೀಟರಿಗಿಂತ ಕೆಳಗೆ ಬಿಡಲ್ಲ, ಡ್ರೈಸೂಟ್ ಸರ್ಟಿಫಿಕೇಟ್ ಇಲ್ಲಾ ಡ್ರೈಸೂಟಲ್ಲಿ ಮಾಡಿದ ಡೈವಿನ ಲಾಗ್ ಕೇಳ್ತಾರೆ. ಹೊರಗೆ ಮೈನಸ್ 6, ನೀರು 3.

ಅಣ್ಣ ಹೇಳಿದಂಗೆ ಎರಡು ಫಸ್ಟ್ ಸ್ಟೇಜ್ ಮಾಡ್ಕಂಡೇ ಹೋಗಿದ್ದೆ, ವ್ಯಾನಲ್ಲೇ ಟೆಸ್ಟ್, ದಡದಲ್ಲಿ ಒಂದು ಉಸಿರೂ ಎಳೀಲಿಲ್ಲ. ಮುಖ್ಯ ರೆಗ್ಯುಲೇಟರ್ ಒಂದ್ಸಲ ಸಣ್ಣಗೆ ಗುಳುಗುಳು ಅಂತು, ಬಿಸಿಡಿ ಮುಟ್ಟದೆ ಅಲ್ಲೇ ನಿಂತು ನಿಧಾನ ಉಸಿರಾಡ್ದೆ, ತಾನಾಗೇ ನಿಂತ್ತು. ಕೈ ಪೂರ್ತಿ ಒಣ, ಅಕ್ಕಂಗೆ ಜೈ. ಮುಳುಗೋಕೆ ಕಟ್ಕಳೋ ತೂಕ ಮಾತ್ರ ಸ್ವಲ್ಪ ಕಿರಿಕಿರಿ, ಸಿಹಿನೀರಲ್ಲಿ ಸಮುದ್ರಕ್ಕಿಂತ ಸೀಸ ಕಮ್ಮಿ ಬೇಕು, ಆದ್ರೆ ಡ್ರೈಸೂಟ್ ಒಳಗಿನ ದಪ್ಪ ಬಟ್ಟೆಗೆ ಜಾಸ್ತಿ ಬೇಕು, ಎರಡೂ ಕೂಡಿ ಕಳೆದು ಹೊಂದಿಸೋಕೆ ದಡದ ಹತ್ರನೇ ಬಹಳ ಹೊತ್ತು ಹೋತು. ಕೈಕೊಟ್ಟಿದ್ದು ಟಾರ್ಚು. ಫುಲ್ ಚಾರ್ಜ್ ತೋರಿಸ್ತಿತ್ತು, ಚಳಿಗೆ ಬ್ಯಾಟ್ರಿ ಅರ್ಧಕ್ಕೇ ಸುಸ್ತು. ಮೇಲೆ ಬಂದು ಎರಡನೇ ಡೈವಿಗೆ ಕಾಯೋವಾಗ ಜೊತೆಗಿದ್ದ ಒಬ್ಬನ ಒದ್ದೆ ರೆಗ್ಯುಲೇಟರ್ ಹೊರಗಿನ ಗಾಳಿಗೇ ಹೆಪ್ಪುಗಟ್ಟಿ ಬಟನ್ ಅಲ್ಲಾಡ್ಲಿಲ್ಲ, ಗೈಡು ಥರ್ಮಾಸಿಂದ ಬಿಸಿನೀರು ಹೊಯ್ದ. ಭಟ್ಟರ ಉಪಾಯ 😄

ಅಡಿಕೆ_ಚೇಣಿ
ನಾನು ಹೇಳಿರ್ಲಿಲ್ವಾ!!

ರಿಟೈರ್ಡ್_ಮೇಷ್ಟ್ರು
ಹೇಳಿದ್ರಿ. ಕಾರಣ ತಪ್ಪಿತ್ತು, ಉಪಾಯ ಸರಿ ಇತ್ತು.

ಕೊಪ್ಪದ_ಅಕ್ಕ
ಟಾರ್ಚನ್ನ ನೀರಿಗೆ ಇಳಿಯೋವರೆಗೂ ಜಾಕೆಟ್ ಒಳಗೆ ಇಟ್ಕೋಬೇಕು ತಮ್ಮಾ, ಬ್ಯಾಕಪ್ ಟಾರ್ಚನ್ನೂ ಅಷ್ಟೇ. ಮಾಸ್ಕ್ ಮಂಜಾಗಲಿಲ್ವಾ?

ತುಂಗಾತೀರದವ
ಬೇಬಿ ಶಾಂಪೂ ಹಾಕಿ ತೊಳೆದಿದ್ದೆ ಅಕ್ಕಾ, ತೊಂದ್ರೆ ಆಗ್ಲಿಲ್ಲ. ಅಂದಹಾಗೆ ಮುಂದಿನ ತಿಂಗಳು ಊರಿಗೆ ಬರ್ತೀನಿ, ಇದೇ ರೆಗ್ಯುಲೇಟರ್ ತಗೊಂಡು ನೇತ್ರಾಣಿಗೆ ಹೋಗೋ ಆಸೆ. ಡಿನ್ ಅಡಾಪ್ಟರ್ ನಿಮ್ಮ ಹತ್ರ ಸಿಗುತ್ತಾ, ಇಲ್ಲಿಂದ್ಲೇ ತರ್ಲಾ?

ನೇತ್ರಾಣಿ_ಮೀನು
ನೀವೇ ತಂದ್ಬಿಡಿ, ಇಲ್ಲಿ ಇರೋದು ಒಂದೇ, ಅದೂ ಯಾವಾಗ್ಲೂ ಯಾರದ್ದೋ ಬ್ಯಾಗಲ್ಲಿ ಇರುತ್ತೆ. ಮೇ ಕೊನೆ ಒಳಗೆ ಬನ್ನಿ, ಮಳೆ ಹಿಡಿದ್ರೆ ದೋಣಿ ಹೋಗಲ್ಲ. ಮತ್ತೆ ರಾತ್ರಿ ಉಳ್ಕಳೋ ಲೆಕ್ಕದಲ್ಲೇ ಬನ್ನಿ.